ಎಮಿಷನ್ ಅಕ್ಕ ಬಿಡಲಿಲ್ಲ

ಅವರ ಬಲ ಅಂಗೈಯಲ್ಲಿ, ಹೆಬ್ಬೆರಳಿನ ಬುಡಕ್ಕೆ, ಬಳೆಯ ಚೂರೊಂದನ್ನು ಒತ್ತಿಟ್ಟ ಹಾಗೆ ಬಾಗಿದ ಸುಟ್ಟ ಕಲೆಯಿತ್ತು. ಲಾರಿಯೊಂದರ ಸೈಲೆನ್ಸರ್ ಬಾಯಿ ತಾಗಿದ ಗುರುತು ಅದು. ಅವರು ಪರೀಕ್ಷೆಯ ಕೊಳವೆಯನ್ನು ಒಳಗೆ ತೂರಿಸುತ್ತಿದ್ದಾಗಲೇ ಡ್ರೈವರ್ ಅವಸರಪಟ್ಟು ಗಾಡಿಯನ್ನು ಹಿಂದಕ್ಕೆ ಬಿಟ್ಟಿದ್ದ. ಚರ್ಮ ಸುಲಿದ ಕೈಯನ್ನು ನೀರಿನ ಬಕೆಟ್ಟಿನಲ್ಲಿ ಅದ್ದಿಕೊಂಡು, ಎಡಗೈಯಿಂದ ಯಂತ್ರದ ಗುಂಡಿ ಒತ್ತಿ, ಬಂದ ಅಂಕಿ ನೋಡಿ, "ಫೇಲ್" ಎಂದು ಹೇಳಿದ ಮೇಲೆಯೇ ಅವರು ಡಾಕ್ಟರ ಹತ್ತಿರ ಹೋದದ್ದು. ಆ ಡ್ರೈವರನ್ನು ಅವರು ಒಂದು ಮಾತೂ ಬೈಯಲಿಲ್ಲ. ಆದರೆ ಆಮೇಲೆ ಎಷ್ಟೋ ವರ್ಷ, ಅದೇ ಲಾರಿ ಬಂದಾಗಲೆಲ್ಲ, "ಮೊದಲು ಕೀ ಕೊಡು" ಎಂದು ಕೈ ಚಾಚುತ್ತಿದ್ದರು. ಚಾಚುತ್ತಿದ್ದದ್ದು ಆ ಕಲೆಯಿದ್ದ ಕೈಯನ್ನೇ.

ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆ ಹೋಗುವ ರಸ್ತೆಯಲ್ಲಿ, ಪೆಟ್ರೋಲ್ ಬಂಕಿನ ಪಕ್ಕ ಅವರ ವ್ಯಾನು ನಿಲ್ಲುತ್ತಿತ್ತು. ಗಾಡಿಗಳ ಹೊಗೆ ಅಳೆದು ಸರ್ಟಿಫಿಕೇಟು ಕೊಡುವ ಕೆಲಸ. ನಮ್ಮ ಕಡೆ ಅದಕ್ಕೆ ಎಮಿಷನ್ ಮಾಡಿಸುವುದು ಎನ್ನುತ್ತಾರೆ. ಹಾಗಾಗಿ ಅವರು ಊರಿಗೆಲ್ಲ ಎಮಿಷನ್ ಅಕ್ಕ. ಅವರ ಯಜಮಾನರು ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು, ಬಹಳ ಮೆತ್ತಗಿನ ಮನುಷ್ಯ. ಅಕ್ಕ ಮೆತ್ತಗಿರಲಿಲ್ಲ. ಹಣೆಗೆ ವಿಭೂತಿ, ಸೀರೆಯ ಮೇಲೆ ಗಂಡಸರ ಸ್ವೆಟರು, ಮಳೆಗಾಲದಲ್ಲಿ ಕಾಲಿಗೆ ಗಂಬೂಟು. ರಸ್ತೆಯ ಈಚೆ ಬದಿಯಲ್ಲಿ ನನ್ನ ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ. ಹತ್ತು ಹೆಜ್ಜೆಯ ಅಂತರದಲ್ಲಿ ನಾವು ಒಬ್ಬರನ್ನೊಬ್ಬರು ನೋಡುತ್ತ ಹದಿನಾಲ್ಕು ವರ್ಷ ಕಳೆದೆವು.

ಬೇರೆ ಕಡೆ ಗಾಡಿ ಇಲ್ಲದೆಯೂ ಸರ್ಟಿಫಿಕೇಟು ಸಿಗುತ್ತಿತ್ತು. ನಂಬರ್ ಹೇಳಿದರೆ ಸಾಕು. ಒಮ್ಮೆ ದೊಡ್ಡ ಪ್ಲಾಂಟರೊಬ್ಬರ ಡ್ರೈವರ್, ಫೋನಿನಲ್ಲಿ ಕಾರಿನ ಫೋಟೋ ತೋರಿಸಿ, "ಸಾವ್ಕಾರ್ರು ಕಳ್ಸಿದಾರೆ, ಒಂದು ಸರ್ಟಿಫಿಕೇಟ್ ಕೊಡ್ಬೇಕಂತೆ" ಎಂದ. ಅಕ್ಕ ಫೋಟೋವನ್ನು ಹತ್ತಿರ ಹಿಡಿದು ನೋಡಿದರು.

"ಚೆನ್ನಾಗುಂಟು. ಆದ್ರೆ ಫೋಟೋದಲ್ಲಿ ಹೊಗೆ ಬರಲ್ಲ ಮಾರಾಯ. ಗಾಡಿ ತರ್ಲಿಕ್ಕೆ ಹೇಳು."

ಗಾಡಿ ಬಂತು. ಫೇಲಾಯಿತು. ಸಾವ್ಕಾರ್ರು ಬಂಕಿನ ಓನರಿಗೆ ಹೇಳಿಸಿ ವ್ಯಾನನ್ನು ಅಲ್ಲಿಂದ ಎಬ್ಬಿಸಲು ನೋಡಿದರು. ಅಕ್ಕ ಎರಡು ತಿಂಗಳು ನನ್ನ ಅಂಗಡಿಯ ಮುಂದೆ ವ್ಯಾನು ನಿಲ್ಲಿಸಿಕೊಂಡರೇ ವಿನಾ ಅಂಕಿ ಬದಲಾಯಿಸಲಿಲ್ಲ. ಅವರಿಗೆ ಒಂದು ಮಾತಿತ್ತು. ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದರು: "ಗಾಡಿ ಸುಳ್ಳು ಹೇಳಲ್ಲ. ಸುಳ್ಳು ಹೇಳೋದು ಓನರು."

ಅವರ ಕೈಯಲ್ಲಿ ಹೆಚ್ಚು ಸಲ ಫೇಲಾದವರು ಕಳಸದ ವಾಸಣ್ಣ. ಅವರದ್ದು ಹಳೆಯ ಜೀಪು. ಆಸ್ಪತ್ರೆಗೆ ಹೋಗುವವರನ್ನು ಘಾಟಿ ಇಳಿಸಿ ಮಂಗಳೂರಿಗೆ ಒಯ್ದು ವಾಪಸ್ಸು ತರುವುದೇ ಅವರ ಬದುಕು. ಜೀಪು ರೇಸ್ ಮಾಡಿದರೆ ಬಂಕಿನವರೆಗೂ ಕಪ್ಪು ಹೊಗೆ. ಒಂದೇ ಬೇಸಗೆಯಲ್ಲಿ ಅಕ್ಕ ಅದನ್ನು ಮೂರು ಸಲ ವಾಪಸ್ಸು ಕಳಿಸಿದರು. ವಾಸಣ್ಣ ಕೈಮುಗಿದರು. "ಅಕ್ಕ, ಇದು ಮನುಷ್ಯರನ್ನ ಉಳಿಸೋ ಗಾಡಿ."

"ಇದು ಹೋಗೋ ದಾರೀಲಿ ಇರೋರೂ ಮನುಷ್ಯರೇ ವಾಸಣ್ಣ."

ಆ ದಿನಗಳಲ್ಲೇ ವಿದೇಶಿ ಕಂಪನಿಯೊಂದರ ಡೀಸೆಲ್ ಕಾರು ನಮ್ಮ ಕಡೆ ಕಾಣಿಸಿಕೊಂಡಿತು. ಕಂಪನಿಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ, ಅದಕ್ಕೆ ಅಷ್ಟೂ ಜಾಹೀರಾತು ಬೇಡ. ಮೊದಲ ಕಾರು ಅಕ್ಕನ ವ್ಯಾನಿನ ಹಿಂದೆ ನಿಂತ ದಿನ ನನಗೆ ಚೆನ್ನಾಗಿ ನೆನಪಿದೆ. ಯಂತ್ರ ತೋರಿಸಿದ ಅಂಕಿ ನೋಡಿ ಅವರು ಯಂತ್ರವೇ ಕೆಟ್ಟಿದೆ ಎಂದುಕೊಂಡರು. ಮತ್ತೆ ರೇಸ್ ಮಾಡಿಸಿದರು. ಮತ್ತೂ ಅಷ್ಟೇ. ಕೊನೆಗೆ ತಮ್ಮ ಕರವಸ್ತ್ರವನ್ನೇ ಸೈಲೆನ್ಸರ್ ಬಾಯಿಗೆ ಹಿಡಿದರು. ಬಟ್ಟೆ ಬೆಳ್ಳಗೇ ಉಳಿಯಿತು. ಅದನ್ನು ಎತ್ತಿಕೊಂಡು ರಸ್ತೆ ದಾಟಿ ನನ್ನಲ್ಲಿಗೆ ಬಂದರು.

"ನೋಡು ಮಾರಾಯ! ಡೀಸೆಲ್ ಗಾಡಿ ಇದು. ಹೀಗೂ ಮಾಡ್ಬಹುದು ಅಂತಾಯ್ತಲ್ಲ. ಮನಸ್ಸಿದ್ರೆ ಮಾಡ್ಬಹುದು."

ಅವರ ಕಣ್ಣಲ್ಲಿ ಅಂಥ ಸಂತೋಷವನ್ನು ನಾನು ನೋಡಿರಲಿಲ್ಲ. ದಿನವಿಡೀ ಹೊಗೆ ಕುಡಿಯುವವರಿಗೆ ಹೊಗೆಯಿಲ್ಲದ ಗಾಡಿ ಕಂಡ ಸಂತೋಷ ಅದು. ಆಮೇಲೆ ಯಾರು ಕೇಳಿದರೂ ಕೇಳದಿದ್ದರೂ ಅವರು ಆ ಕಾರನ್ನು ಹೊಗಳುತ್ತಿದ್ದರು. ಅವರ ಮಾತು ಕೇಳಿ ನಾನು ಒಂದು ತೆಗೆದುಕೊಂಡೆ. ವಾಸಣ್ಣ ಜೀಪು ಮಾರಿದರು, ಸಾಲ ಮಾಡಿ ಅದೇ ಕಾರು ತಂದು ಹಳದಿ ಬೋರ್ಡು ಹಾಕಿಸಿದರು. ಅವರು ಮೊದಲ ಸಲ ಎಮಿಷನ್ ಮಾಡಿಸಲು ಬಂದ ದಿನ ಅಕ್ಕ ಬಂಕಿನ ಹೋಟೆಲಿನಿಂದ ಮೈಸೂರುಪಾಕು ತರಿಸಿ ಹಂಚಿದ್ದರು.

ಎರಡು ವರ್ಷದ ಮೇಲೆ ಸುದ್ದಿ ಬಂತು. ಟಿವಿಯಲ್ಲಿ ಅರ್ಧ ಗಂಟೆ, ಪೇಪರಿನಲ್ಲಿ ಒಳಪುಟ. ಅಕ್ಕ ಪೇಪರು ಹಿಡಿದು ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ಮೂರು ಸಲ ಓದಿದರು. ಅರ್ಥವಾಗದ್ದನ್ನು ಕಾಲೇಜಿನ ಕೆಮಿಸ್ಟ್ರಿ ಲೆಕ್ಚರರ ಹತ್ತಿರ ಹೋಗಿ ಕೇಳಿಕೊಂಡು ಬಂದರು. ವಿಷಯ ಇಷ್ಟು: ಕಂಪನಿ ಕಾರಿನ ಕಂಪ್ಯೂಟರಿಗೆ ಒಂದು ಕಳ್ಳವಿದ್ಯೆ ಕಲಿಸಿತ್ತು. ಸರ್ಕಾರದ ಪರೀಕ್ಷಾಲಯದಲ್ಲಿ ಚಕ್ರ ತಿರುಗುತ್ತದೆ, ಸ್ಟೀರಿಂಗ್ ತಿರುಗುವುದಿಲ್ಲ. ಅಷ್ಟರಿಂದಲೇ ಕಾರಿಗೆ ತಾನೀಗ ಪರೀಕ್ಷೆಯಲ್ಲಿದ್ದೇನೆ ಎಂದು ಗೊತ್ತಾಗುತ್ತಿತ್ತು. ಕೂಡಲೇ ವಿಷದ ಅನಿಲ ಬಿಡುವುದನ್ನು ಕಡಿಮೆ ಮಾಡಿ ಸಾಧುವಾಗಿಬಿಡುತ್ತಿತ್ತು. ರಸ್ತೆಗೆ ಬಂದರೆ ಮತ್ತೆ ತನ್ನ ಗುಣ. ಆ ಅನಿಲಕ್ಕೆ ಬಣ್ಣವೂ ಕಾಣುವುದಿಲ್ಲ, ಅಕ್ಕನ ಯಂತ್ರ ಅದನ್ನು ಅಳೆಯುವುದೂ ಇಲ್ಲ. ಇವರ ಯಂತ್ರ ಹಿಡಿಯುವುದು ಕಪ್ಪು ಮಸಿಯನ್ನು ಮಾತ್ರ. ಶ್ವಾಸಕೋಶದ ಒಳಗೆ ಹೋಗಿ ಕೆರೆಯುವುದು ಆ ಕಾಣದ್ದು.

"ಬಡವನ ಜೀಪು ಕಪ್ಪಗೆ ಉಗುಳಿ ತೋರಿಸ್ತಿತ್ತು, ಫೇಲ್ ಮಾಡ್ದೆ" ಎಂದರು ಅಕ್ಕ. "ಇದು ಒಗೆದ ಬಟ್ಟೆ ಹಾಕ್ಕೊಂಡು ಬಂತು, ಮೈಸೂರುಪಾಕು ಹಂಚ್ದೆ."

ಆ ದಿನದಿಂದ ಗಾಡಿ ಸುಳ್ಳು ಹೇಳಲ್ಲ ಎನ್ನುವ ಮಾತು ಅವರ ಬಾಯಲ್ಲಿ ಬರಲಿಲ್ಲ.

ಸ್ವಲ್ಪ ಕಾಲದ ಮೇಲೆ ಕಂಪನಿಯಿಂದ ನಮಗೆಲ್ಲ ಚಂದದ ಕಾಗದ ಬಂತು. ಗಾಡಿ ತನ್ನಿ, ಕಂಪ್ಯೂಟರಿನ ತಂತ್ರಾಂಶವನ್ನು ಉಚಿತವಾಗಿ ಬದಲಾಯಿಸಿ ಕೊಡುತ್ತೇವೆ, ನಿಮ್ಮ ಕಾರಿನ ಓಟದಲ್ಲಿ ಯಾವ ವ್ಯತ್ಯಾಸವೂ ಆಗುವುದಿಲ್ಲ. ಮಂಗಳೂರಿನ ಶೋರೂಮಿಗೆ ಹೋದೆವು. ಒಂದು ಗಂಟೆಯಲ್ಲಿ ಕೆಲಸ ಮುಗಿಯಿತು, ಕಾಫಿ ಕೊಟ್ಟರು. ವಾಪಸ್ಸು ಘಾಟಿ ಹತ್ತುವಾಗಲೇ ನನಗೆ ತಿಳಿದುಹೋಯಿತು. ಎರಡನೇ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಮೊದಲನೆಯದು ಬೇಕಾಯಿತು. ಡೀಸೆಲ್ ಹೆಚ್ಚು ಕುಡಿಯತೊಡಗಿತು. ಹೊಗೆಯ ಒಂದಿಷ್ಟನ್ನು ಮತ್ತೆ ಎಂಜಿನ್ನಿಗೇ ತಿರುಗಿಸುವ ವಾಲ್ವೊಂದು ಇರುತ್ತದೆ. ಮೊದಲು ಪರೀಕ್ಷೆಯಲ್ಲಿ ಮಾತ್ರ ನೆಟ್ಟಗೆ ದುಡಿಯುತ್ತಿದ್ದ ಆ ವಾಲ್ವು ಈಗ ಎಲ್ಲ ಹೊತ್ತೂ ದುಡಿಯಬೇಕಾಗಿ ಬಂದು, ಮಸಿ ಕಟ್ಟಿ, ತಿಂಗಳೆರಡು ತಿಂಗಳಿಗೆ ಕೈಕೊಡತೊಡಗಿತು. ಆಗ ಕಿತ್ತಳೆ ಬಣ್ಣದ ಒಂದು ದೀಪ ಹತ್ತುತ್ತದೆ. ಎಂಜಿನ್ ಆರುವುದಿಲ್ಲ, ಆದರೆ ಗಾಡಿಗೆ ಎಳೆಯುವ ಶಕ್ತಿಯೇ ಇರುವುದಿಲ್ಲ.

ವಾಸಣ್ಣನ ಕಾರಿನಲ್ಲಿ ಆ ದೀಪ ಹತ್ತಿದ್ದು ಚಾರ್ಮಾಡಿಯ ಕಡಿದಾದ ತಿರುವಿನಲ್ಲಿ. ಹೊಟ್ಟೆಯ ಆಪರೇಷನ್ ಆಗಿ ಮೂರು ದಿನಕ್ಕೆ ಮನೆಗೆ ಬರುತ್ತಿದ್ದ ಅಜ್ಜಿಯೊಬ್ಬರು ಹಿಂದಿನ ಸೀಟಿನಲ್ಲಿ ಮಲಗಿದ್ದರು, ಪಕ್ಕದಲ್ಲಿ ಮಗಳು. ಶಕ್ತಿ ಕಳೆದುಕೊಂಡ ಕಾರು ಏರಿನಲ್ಲಿ ಹಿಂದಕ್ಕೆ ಜಾರಿತು. ವಾಸಣ್ಣ ಬ್ರೇಕು ಹಿಡಿದು ಕಾರನ್ನು ಕಣಿವೆಯ ಕಡೆಗೆ ಬಿಡದೆ ಗುಡ್ಡದ ಕಡೆಯ ಚರಂಡಿಗೆ ಇಳಿಸಿದರು. ಅಷ್ಟು ಜನರ ಜೀವ ಉಳಿದದ್ದು ಅದರಿಂದ. ಆದರೆ ಆ ಕುಲುಕಿಗೆ ಅಜ್ಜಿಯ ಹೊಲಿಗೆ ಬಿಚ್ಚಿತು. ಬಸ್ಸಿನವರು ನಿಲ್ಲಿಸಿ ಅವರನ್ನು ಉಜಿರೆಯ ಆಸ್ಪತ್ರೆಗೆ ಇಳಿಸಿದರು. ಅಜ್ಜಿ ಬದುಕಿದರು, ತಿಂಗಳುಗಟ್ಟಲೆ ನರಳಿ.

ಶೋರೂಮಿನವರು ಕಾರು ಪರೀಕ್ಷಿಸಿ ಕಾಗದದಲ್ಲಿ ಬರೆದುಕೊಟ್ಟರು: ಚಾಲಕನ ತಪ್ಪು ಬಳಕೆ ಮತ್ತು ಕಳಪೆ ಡೀಸೆಲ್. ಇಪ್ಪತ್ತೆಂಟು ವರ್ಷ ಆ ಘಾಟಿಯನ್ನು ಹತ್ತಿಳಿದವರಿಗೆ ಗಾಡಿ ಓಡಿಸಲು ಬರುವುದಿಲ್ಲ ಎಂದು. ಕಳಸದಲ್ಲಿ ವಾಸಣ್ಣನ ಗಾಡಿಗೆ ರೋಗಿಗಳನ್ನು ಹತ್ತಿಸುವುದನ್ನು ಜನ ನಿಲ್ಲಿಸಿದರು.

ಆ ಕಾಗದ ಹಿಡಿದು ಅವರು ಅಕ್ಕನ ವ್ಯಾನಿನ ಹತ್ತಿರ ಬಂದರು. ಜಗಳಕ್ಕೆ ಬಂದಿರಲಿಲ್ಲ. ಜಗಳವಾಡುವ ತ್ರಾಣವೇ ಅವರಲ್ಲಿ ಇರಲಿಲ್ಲ.

"ನನ್ ಜೀಪು ಫೇಲ್ ಮಾಡಿದ್ರಿ ಅಕ್ಕ. ಅದು ಒಂದಿನ ಘಾಟೀಲಿ ಕೈಬಿಟ್ಟಿರ್ಲಿಲ್ಲ" ಎಂದರು ಅಷ್ಟೇ.

ವಾಸಣ್ಣ ಹೋದ ಮೇಲೆ ಅಕ್ಕ ವ್ಯಾನಿನ ಬಾಗಿಲು ಎಳೆದುಕೊಂಡು ಒಳಗೆ ಕೂತರು. ಮಧ್ಯಾಹ್ನದವರೆಗೂ ಗಾಡಿಗಳು ಬಂದು ಹಾರ್ನ್ ಮಾಡಿ ಹೋದವು. ಬಾಗಿಲು ತೆಗೆಯಲಿಲ್ಲ.

ನಾನು ಆ ಹೊತ್ತಿಗೆ ನನ್ನ ದಾರಿ ನೋಡಿಕೊಂಡಿದ್ದೆ. ಈ ಭಾಗವನ್ನು ಬರೆಯಲು ನನಗೆ ಇಷ್ಟವಿಲ್ಲ, ಆದರೆ ಬರೆಯದಿದ್ದರೆ ಅಕ್ಕನ ಬಗ್ಗೆ ಬರೆದಂತಾಗುವುದಿಲ್ಲ. ಮಲ್ಲಂದೂರಿನ ಶಾಲೆಯ ಟೀಚರೊಬ್ಬರು ಸೆಕೆಂಡ್ ಹ್ಯಾಂಡ್ ಕಾರು ಹುಡುಕುತ್ತಿದ್ದರು. ವಾಲ್ವನ್ನು ಆಗಷ್ಟೇ ತೊಳೆಸಿದ್ದೆ, ಗಾಡಿ ಹದಿನೈದು ದಿನವಾದರೂ ಚೆನ್ನಾಗಿ ಓಡುತ್ತಿತ್ತು. ಅವರನ್ನು ಕರೆಸಿದೆ. ಅವರು ಸ್ಟೀರಿಂಗ್ ಹಿಡಿದು ಕೂತು, ಕನ್ನಡಿ ಸರಿಮಾಡಿಕೊಳ್ಳುತ್ತಿದ್ದಾಗ ಅಕ್ಕ ರಸ್ತೆ ದಾಟಿ ಬಂದರು.

"ಟೀಚರೇ, ಇವನು ಈ ಗಾಡಿ ಯಾಕೆ ಮಾರ್ತಿದಾನೆ ಕೇಳಿದ್ರಾ?"

"ದೊಡ್ಡ ಗಾಡಿ ತಗೋತಾರಂತೆ" ಎಂದರು ಟೀಚರು.

"ಸುಳ್ಳು" ಎಂದರು ಅಕ್ಕ, ನನ್ನ ಮುಖ ನೋಡಿಕೊಂಡೇ. "ಏರಿನಲ್ಲಿ ಗಾಡಿ ನಿಲ್ತದೆ. ಇವನಿಗೆ ಗೊತ್ತುಂಟು."

ಟೀಚರು ಕಾರಿನಿಂದ ಇಳಿದು, ಒಮ್ಮೆ ನನ್ನನ್ನು ನೋಡಿ, ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟರು. ನನಗೆ ನಾಲ್ಕು ಜನರ ಎದುರು ಬಟ್ಟೆ ಬಿಚ್ಚಿದ ಹಾಗಾಯಿತು. ಕೂಗಾಡಿದೆ. "ನಿಮ್ಮ ಮಾತು ಕೇಳಿಯೇ ಇದನ್ನ ತಗೊಂಡದ್ದು ನಾನು! ಈಗ ಮಾರ್ಲಿಕ್ಕೂ ಬಿಡಲ್ಲ ಅಂದ್ರೆ?"

"ಗೊತ್ತುಂಟು. ಅದಕ್ಕೇ ಬಂದದ್ದು. ನಂದೊಂದು ತಪ್ಪು ಸಾಕು, ಅದರ ಮೇಲೆ ನಿಂದು ಬೇಡ. ಕಂಪನಿ ನಿನಗೆ ಮಾಡಿದ್ದನ್ನೇ ನೀನು ಆ ಹೆಂಗಸಿಗೆ ಮಾಡ್ತಿದ್ಯಲ್ಲ, ನಿಂಗೂ ಅವರಿಗೂ ಎಂತ ವ್ಯತ್ಯಾಸ ಮಾರಾಯ? ಅವರ ಶೋರೂಮು ದೊಡ್ಡದು ಅಷ್ಟೇ."

ನಾನು ಕಾರಿನ ಬಾಗಿಲನ್ನು ದಡಾರನೆ ಮುಚ್ಚಿದೆ.

"ಸಿಟ್ಟು ಬಂದುಂಟಾ?" ಎಂದು ಕೇಳಿದರು.

"ಬಂದಿದೆ."

"ಒಳ್ಳೇದು. ನನ್ನ ಮೇಲೆ ಹಾಕಿ ಹಾಳು ಮಾಡ್ಬೇಡ. ಅದಕ್ಕೆ ಬೇರೆ ವಿಳಾಸ ಉಂಟು. ಒಳಗೆ ಬಾ, ಟೈಪ್ ಮಾಡು."

ಹಾಗೆ ಶುರುವಾಯಿತು. ಅಕ್ಕನ ಹತ್ತಿರ ಇಷ್ಟು ವರ್ಷದ ರಿಜಿಸ್ಟರುಗಳಿದ್ದವು. ಯಾವ ಗಾಡಿ, ಯಾರದ್ದು, ಫೋನ್ ನಂಬರು, ಎಲ್ಲ ಅವರದೇ ದುಂಡಗಿನ ಅಕ್ಷರದಲ್ಲಿ. ಆ ಕಂಪನಿಯ ಕಾರುಗಳನ್ನೆಲ್ಲ ಹುಡುಕಿ ಬೇರೆ ಪಟ್ಟಿ ಮಾಡಿದರು. ಭಾನುವಾರಗಳಲ್ಲಿ ನನ್ನ ಅದೇ ಕಾರಿನಲ್ಲಿ ಬಣಕಲ್, ಕೊಟ್ಟಿಗೆಹಾರ, ಕಳಸ, ಮಲ್ಲಂದೂರು ಅಂತ ಮನೆಮನೆಗೆ ಹೋದೆವು. ನಡುನಡುವೆ ಅದು ನಿಲ್ಲುತ್ತಿತ್ತು. ನಿಂತಾಗಲೆಲ್ಲ ಅಕ್ಕ ನೋಟ್‌ಬುಕ್ಕಿನಲ್ಲಿ ಜಾಗ ಬರೆದುಕೊಳ್ಳುತ್ತಿದ್ದರು, ಒಂಥರಾ ಖುಷಿಯಿಂದ. ಮನೆಗಳಲ್ಲಿ ಎಲ್ಲರೂ ಒಂದೇ ಕಥೆ ಹೇಳಿದರು. ಮತ್ತೆ ಎಲ್ಲರೂ ತಮ್ಮೊಬ್ಬರ ಗಾಡಿ ಮಾತ್ರ ಹೀಗೆ ಎಂದುಕೊಂಡಿದ್ದರು, ಯಾಕೆಂದರೆ ಶೋರೂಮಿನವರು ಪ್ರತಿಯೊಬ್ಬರಿಗೂ ಹಾಗೇ ಹೇಳಿದ್ದರು.

ಒಬ್ಬ ಬೆಳೆಗಾರರು, "ದೊಡ್ಡೋರ ಜೊತೆ ಯಾಕಕ್ಕ, ಬಿಟ್ಟುಬಿಡಿ, ಕ್ಷಮಿಸಿ ಮುಂದೆ ಹೋಗೋಣ" ಎಂದರು.

ಅಕ್ಕ ಕಾಫಿ ಲೋಟ ಕೆಳಗಿಟ್ಟರು. "ಕ್ಷಮಿಸ್ಲಿಕ್ಕೆ ಮೊದಲು ಅವರು ಕೇಳ್ಬೇಕಲ್ಲ? ಯಾರೂ ಕೇಳಿದ್ದು ನಾನು ಕಾಣೆ."

ಚಿಕ್ಕಮಗಳೂರಿನ ಗ್ರಾಹಕರ ಕೋರ್ಟಿನಲ್ಲಿ ದೂರು ಹಾಕಿದೆವು. ಅಕ್ಕನ ಹೆಸರಿನಲ್ಲಿ ಕಾರಿರಲಿಲ್ಲ, ಹಾಗಾಗಿ ದೂರುದಾರರಾಗಿ ಮೊದಲ ಹೆಸರು ನನ್ನದು, ಎರಡನೆಯದು ವಾಸಣ್ಣನದು. ಗಾಡಿ ವಾಪಸ್ಸು ತೆಗೆದುಕೊಳ್ಳಬೇಕು ಎನ್ನುವುದು ನಮ್ಮ ಕೋರಿಕೆ. ಅಕ್ಕ ಇನ್ನೊಂದನ್ನು ಸೇರಿಸಲು ಹೇಳಿದರು: ನಾವು ಜನರಿಗೆ ಸುಳ್ಳು ಹೇಳಿ ಗಾಡಿ ಮಾರಿದೆವು ಎಂದು ಕಂಪನಿ ತನ್ನದೇ ಖರ್ಚಿನಲ್ಲಿ ಕನ್ನಡ ಪೇಪರಿನಲ್ಲಿ ಜಾಹೀರಾತು ಹಾಕಬೇಕು. ಲಾಯರು ನಕ್ಕರು. "ಕಾನೂನಲ್ಲಿ ಅದಕ್ಕೆ ಅವಕಾಶ ಉಂಟಮ್ಮ, ಆದ್ರೆ ಅವರು ಪ್ರಾಣ ಬೇಕಾದ್ರೂ ಕೊಟ್ಟಾರು, ಅದು ಕೊಡಲ್ಲ."

"ಹಾಗಾದ್ರೆ ಅದೇ ಬೇಕು" ಎಂದರು ಅಕ್ಕ.

ಕೇಸು ನಡೆಯುತ್ತಿರುವಾಗಲೇ ಕಂಪನಿಯವರು ಮೂಡಿಗೆರೆಯ ಮೈದಾನದಲ್ಲಿ ಉಚಿತ ಸರ್ವಿಸ್ ಕ್ಯಾಂಪು ಇಟ್ಟರು. ಶಾಮಿಯಾನ, ಬಾವುಟ, ಬಂದವರಿಗೆಲ್ಲ ಕಂಪನಿಯ ಹೆಸರಿದ್ದ ಕೊಡೆ. ಬೆಂಗಳೂರಿನಿಂದ ಮ್ಯಾನೇಜರೊಬ್ಬರು ಬಂದಿದ್ದರು. ನಲವತ್ತರ ಆಸುಪಾಸು, ಚೆನ್ನಾಗಿ ಮಾತಾಡುವವರು. ಮೈಕು ಹಿಡಿದು, ನಿಮ್ಮ ಗಾಡಿಗಳು ಘಾಟಿಗೆಂದೇ ಮಾಡಿದ ಗಾಡಿಗಳು, ಓಡಿಸುವ ಕ್ರಮ ಗೊತ್ತಿದ್ದರೆ ಯಾವ ತೊಂದರೆಯೂ ಇಲ್ಲ ಎಂದರು. ಓಡಿಸುವ ಕ್ರಮ ಎಂಬ ಮಾತಿಗೆ ವಾಸಣ್ಣ ತಲೆ ತಗ್ಗಿಸಿದ್ದನ್ನು ನಾನು ನೋಡಿದೆ. ಅಕ್ಕನೂ ನೋಡಿದರು.

ಅವರು ಎದ್ದು ಹೋಗಿ ತಮ್ಮ ವ್ಯಾನನ್ನು ಮೈದಾನದ ಗೇಟಿಗೆ ಅಡ್ಡ ನಿಲ್ಲಿಸಿ ಬಂದರು. ಮೈದಾನಕ್ಕೆ ಇದ್ದದ್ದು ಅದೊಂದೇ ಗೇಟು.

"ಸಾರ್, ನನ್ನ ವ್ಯಾನ್ ಸ್ಟಾರ್ಟ್ ಆಗ್ತಿಲ್ಲ" ಎಂದರು. ಅವರ ಬಾಯಿಂದ ನಾನು ಕೇಳಿದ ಒಂದೇ ಸುಳ್ಳು ಅದು. "ಅದು ಸ್ಟಾರ್ಟ್ ಆಗೋವರೆಗೆ ಒಂದು ಕೆಲಸ ಮಾಡುವ. ವಾಸಣ್ಣನ ಗಾಡಿ ಹೊರಗೆ ರಸ್ತೆಯಲ್ಲುಂಟು. ನೀವೇ ಓಡ್ಸಿ, ಚಾರ್ಮಾಡಿ ಇಳಿದು ಹತ್ತಿಸ್ಕೊಂಡು ಬನ್ನಿ. ಓಡ್ಸೋ ಕ್ರಮ ನಾವೂ ಕಲ್ತ ಹಾಗಾಯ್ತು."

ಸೇರಿದ್ದ ಓನರುಗಳೆಲ್ಲ ಚಪ್ಪಾಳೆ ತಟ್ಟಿದರು. ಮ್ಯಾನೇಜರಿಗೆ ಆಗುವುದಿಲ್ಲ ಎನ್ನಲು ಆಗಲಿಲ್ಲ. ಬಹುಶಃ ತಮ್ಮ ಗಾಡಿಯನ್ನು ಅವರು ನಿಜವಾಗಿಯೂ ನಂಬಿದ್ದರು.

ಅವರು ಸ್ಟೀರಿಂಗಿನಲ್ಲಿ, ಮುಂದೆ ವಾಸಣ್ಣ, ಹಿಂದೆ ಅಕ್ಕ ಮತ್ತು ನಾನು. ಡಿಕ್ಕಿಯಲ್ಲಿ ಎರಡು ಮೂಟೆ ಕಾಫಿ ಬೀಜ, ರೋಗಿಯ ಕಡೆಯವರಷ್ಟು ಭಾರ ಇರಲಿ ಎಂದು ಅಕ್ಕ ಹಾಕಿಸಿದ್ದು. ಇಳಿಯುವಾಗ ಸಣ್ಣ ಮಳೆ. ಚಾರ್ಮಾಡಿ ಊರಿನಲ್ಲಿ ಗಾಡಿ ತಿರುಗಿಸಿ ಹತ್ತತೊಡಗಿದೆವು. ಮೊದಲ ತಿರುವು ಸಲೀಸು, ಎರಡನೆಯದೂ ಸಲೀಸು. ಮ್ಯಾನೇಜರ ಮುಖ ಅರಳಿತು. ಈ ಕಡೆ ಒಳ್ಳೆಯ ಹೋಮ್‌ಸ್ಟೇ ಯಾವುದಿದೆ ಎಂದು ಕೇಳಿದರು. ಇವತ್ತು ಈ ಹಾಳು ಗಾಡಿ ಚೆನ್ನಾಗಿ ಓಡಿಬಿಟ್ಟರೆ? ಪರೀಕ್ಷೆ ಎಂದು ಅದಕ್ಕೆ ಈಗಲೂ ಗೊತ್ತಾಗಿಬಿಟ್ಟರೆ? ಅಕ್ಕ ಮಾತ್ರ ಮಂಜು ನೋಡುತ್ತ ಕೂತಿದ್ದರು.

ಏರು ಕಡಿದಾದ ಕಡೆ ದೀಪ ಹತ್ತಿತು.

ಮ್ಯಾನೇಜರು ಆಕ್ಸಿಲರೇಟರ್ ಒತ್ತಿದರು. ಎಂಜಿನ್ ಕೂಗಿತು, ಗಾಡಿ ಏಳಲಿಲ್ಲ. ಹಿಂದಕ್ಕೆ ಒಂದು ಮಾರು ಜಾರಿತು. ಆಚೆ ಕಣಿವೆ, ತುಂಬ ಮಂಜು. ವಾಸಣ್ಣ ಹ್ಯಾಂಡ್‌ಬ್ರೇಕ್ ಎಳೆದರು. ಹಿಂದೆ ಬಸ್ಸೊಂದು ಹಾರ್ನ್ ಮಾಡುತ್ತ ನಿಂತಿತ್ತು.

"ಇಳೀರಿ ಸಾರ್. ತಳ್ಳಬೇಕು" ಎಂದರು ಅಕ್ಕ.

ಅವರು ಹೊಳೆಯುವ ಬೂಟಿನಲ್ಲಿ ಕೆಸರಿಗೆ ಇಳಿದರು, ನಾನೂ ಇಳಿದೆ. ವಾಸಣ್ಣ ಸ್ಟೀರಿಂಗ್ ಹಿಡಿದರು. ಮಳೆ ಜೋರಾಯಿತು. "ಮೇಡಂ, ನೀವೂ ಇಳಿದ್ರೆ ಸ್ವಲ್ಪ ಭಾರ..." ಎಂದರು ಮ್ಯಾನೇಜರು.

"ನಾನು ಇಳಿಯಲ್ಲ. ಆ ಅಜ್ಜಿಗೆ ಇಳಿಯೋ ಹಾಗೆ ಇರ್ಲಿಲ್ಲ."

ತಳ್ಳಿದೆವು. ಅಂಗುಲ ಅಂಗುಲವಾಗಿ ತಿರುವು ದಾಟಿಸಿ ಅಗಲವಾದ ಜಾಗಕ್ಕೆ ತಂದು ನಿಲ್ಲಿಸುವಷ್ಟರಲ್ಲಿ ಮ್ಯಾನೇಜರ ಕಾಲುಚೀಲದ ಮೇಲೆ ಇಂಬಳ ಜಿಗಣೆ ಕಚ್ಚಿ ರಕ್ತ ಇಳಿದಿತ್ತು. ಗಾಜಿನ ಹಿಂದೆ ಅಕ್ಕನ ಮುಖ ಕಂಡಿತು. ಅವರು ನಗುತ್ತಿದ್ದರು. ಚಂದದ ನಗುವಲ್ಲ ಅದು. ನನಗೆ ಹೆದರಿಕೆಯಾಯಿತು, ಜೊತೆಗೆ ಸತ್ಯ ಹೇಳಬೇಕೆಂದರೆ, ಹೊಟ್ಟೆ ತಣ್ಣಗಾಯಿತು.

ಆಮೇಲೆ ಅವರು ಇಳಿದು, ಕಂಪನಿ ಕೊಟ್ಟ ಕೊಡೆಯನ್ನೇ ಬಿಚ್ಚಿ, ಬಾನೆಟ್ ಮೇಲೆ ಒಂದು ಕಾಗದ ಇಟ್ಟರು. ಹಿಂದಿನ ದಿನ ನಾನೇ ಟೈಪ್ ಮಾಡಿದ್ದು. ಇಂಥ ಕಾರನ್ನು ನಾನೇ ಓಡಿಸಿದಾಗ ಏರಿನಲ್ಲಿ ಶಕ್ತಿ ಕಳೆದುಕೊಂಡು ಹಿಂದಕ್ಕೆ ಜಾರಿತು, ಅಷ್ಟೇ ಒಕ್ಕಣೆ. ಮ್ಯಾನೇಜರು ಫೋನ್ ತೆಗೆದರು, ಸಿಗ್ನಲ್ ಇರಲಿಲ್ಲ.

"ಸಹಿ ಹಾಕ್ದಿದ್ರೆ?" ಎಂದರು.

"ಎಂತದೂ ಇಲ್ಲ. ಬಸ್ಸಿಗೆ ಹತ್ತಿಸ್ತೇವೆ, ಹೋಗಿ. ಆದ್ರೆ ಮೈಕ್ ಹಿಡಿದು ಆ ಮಾತು ಇನ್ನೊಂದ್ಸಲ ಹೇಳ್ಬೇಡಿ."

ಅವರು ವಾಸಣ್ಣನ ಕಡೆ ತಿರುಗಿದರು. "ಅವತ್ತು ಇದೇ ತಿರುವಾ?"

"ಇನ್ನೂ ಮೇಲೆ ಸಾರ್" ಎಂದರು ವಾಸಣ್ಣ. "ಅಲ್ಲಿ ತಡೆಗೋಡೆ ಇಲ್ಲ."

ಮ್ಯಾನೇಜರು ಪೆನ್ನು ಕೇಳಿ ಸಹಿ ಹಾಕಿದರು.

ಆ ಸಹಿಗೆ ಅವರ ಕೆಲಸ ಹೋಯಿತು. ಬೆದರಿಸಿ ಬರೆಸಿಕೊಂಡದ್ದು ಎಂದು ಕಂಪನಿಯ ವಕೀಲರು ವಾದಿಸಿದಾಗ, ಆ ಮನುಷ್ಯ ತಾವಾಗಿ ಚಿಕ್ಕಮಗಳೂರಿಗೆ ಬಂದು, "ಕಣ್ಣಾರೆ ಕಂಡದ್ದಕ್ಕೆ ಸಹಿ ಹಾಕಿದ್ದೇನೆ" ಎಂದು ಸಾಕ್ಷಿ ಹೇಳಿ ಹೋದರು. ಬಸ್ಸಿನಲ್ಲಿ ವಾಪಸ್ಸು ಬರುವಾಗ ನಾನು ಕೇಳಿದೆ, "ಪಾಪ ಅನ್ಸಲ್ವಾ ಅಕ್ಕ?"

"ಅನ್ಸುತ್ತೆ" ಎಂದರು. ಆಲ್ದೂರು ದಾಟಿದ ಮೇಲೆ, "ಆದ್ರೂ ಆ ಸಹಿ ವಾಪಸ್ ಕೊಡ್ತಿದ್ನಾ ಅಂದ್ರೆ, ಇಲ್ಲ" ಎಂದರು.

ಚಿಕ್ಕಮಗಳೂರಿನಲ್ಲಿ ನಾವು ಗೆದ್ದೆವು. ಕಂಪನಿ ಬೆಂಗಳೂರಿಗೆ ಅಪೀಲು ಹೋಯಿತು. ಅಷ್ಟರಲ್ಲಿ ಅಕ್ಕನ ಕೆಮ್ಮು ಹೆಚ್ಚಿತ್ತು. ಎದೆಯ ಫೋಟೋ ನೋಡಿದ ಡಾಕ್ಟರು, "ಎಷ್ಟು ವರ್ಷದಿಂದ ಬೀಡಿ ಸೇದ್ತೀರಿ?" ಎಂದು ಕೇಳಿದರಂತೆ. ಅಕ್ಕ ಅದನ್ನು ದೊಡ್ಡ ಜೋಕಿನ ಹಾಗೆ ಎಲ್ಲರಿಗೂ ಹೇಳಿದರು. ಹದಿನಾಲ್ಕು ವರ್ಷ ಸೈಲೆನ್ಸರುಗಳ ಹಿಂದೆ ಬಗ್ಗಿದ್ದಕ್ಕೇ ಹೀಗಾಯಿತು ಎಂದು ಡಾಕ್ಟರು ಬರೆದುಕೊಡಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ವ್ಯಾನಿನ ಕೆಲಸ ನಿಂತಿತು. ಮನೆಯ ಮುಂಗೋಣೆಯಲ್ಲಿ ಮಂಚ, ಪಕ್ಕದಲ್ಲಿ ಆಮ್ಲಜನಕದ ಯಂತ್ರ.

ಅಲ್ಲಿಗೇ ಕಂಪನಿಯ ರಾಜಿ ಪತ್ರ ಬಂತು. ಎಲ್ಲ ಕಾರುಗಳನ್ನೂ ವಾಪಸ್ಸು ತೆಗೆದುಕೊಳ್ಳುತ್ತೇವೆ. ಜಾಹೀರಾತಿನ ಮಾತು ಬಿಡಬೇಕು, ಈ ಬಗ್ಗೆ ಎಲ್ಲೂ ಬಾಯಿ ಬಿಡಬಾರದು. ಓನರುಗಳೆಲ್ಲ ಅಕ್ಕನ ಮಂಚದ ಸುತ್ತ ಸೇರಿದೆವು. ವಾಸಣ್ಣ ಪತ್ರವನ್ನು ಅಕ್ಕನ ಕಡೆ ಚಾಚಿದರು.

"ನೀವು ತಗೊಳ್ಳಿ ವಾಸಣ್ಣ" ಎಂದರು ಅಕ್ಕ, ಮಾಸ್ಕು ಸರಿಸಿ. "ಜೀಪು ತಗೊಳ್ಳಿ. ಹೊಗೆ ಬಂದ್ರೆ ನಾನು ಬರ್ತೇನೆ ನೋಡ್ಲಿಕ್ಕೆ."

ಎಲ್ಲರೂ ಸಹಿ ಹಾಕಿದರು. ಯಾರನ್ನೂ ಅಕ್ಕ ಬೇಡವೆನ್ನಲಿಲ್ಲ. ನನ್ನ ಸರದಿ ಬಂದಾಗ, "ನಾನೂ...?" ಎಂದೆ.

"ನಿನ್ನ ಬಿಡಲ್ಲ" ಎಂದರು.

ತಮಾಷೆಗೆ ಹೇಳಿದರೋ ನಿಜಕ್ಕೋ ಎಂದು ನಾನು ಕೇಳಲಿಲ್ಲ. ಮಲ್ಲಂದೂರಿನ ಟೀಚರು ಕಾರಿನಿಂದ ಇಳಿದು ನನ್ನನ್ನು ನೋಡಿದ ನೋಟ ನೆನಪಾಯಿತು. ಪೆನ್ನಿನ ಮುಚ್ಚಳ ಹಾಕಿದೆ. ಕಂಪನಿಯ ವಿರುದ್ಧ ಉಳಿದದ್ದು ನನ್ನದೊಂದೇ ಕಾರು.

ಬೆಂಗಳೂರಿನಲ್ಲಿ ವಾಯಿದೆಯ ಮೇಲೆ ವಾಯಿದೆ. ಪ್ರತಿ ಸಲ ಬಂದು ಮಂಚದ ಪಕ್ಕ ಕೂತು ವರದಿ ಒಪ್ಪಿಸುತ್ತಿದ್ದೆ. ಅವರು ಸುಮ್ಮನೆ ಕೇಳುತ್ತಿರಲಿಲ್ಲ, ಕಂಪನಿಯ ವಕೀಲರ ಮುಖ ಹೇಗಿತ್ತು, ಎಷ್ಟು ಜನ ಬಂದಿದ್ದರು ಎಂದೆಲ್ಲ ಕೆದಕುತ್ತಿದ್ದರು. ಒಂದು ಸಲ, "ಬಸ್ಸಲ್ಲಿ ಹೋಗ್ಬೇಡ ಮಾರಾಯ. ಆ ಗಾಡೀಲೇ ಹೋಗು. ಕೋರ್ಟಿನ ಎದುರಿಗೇ ನಿಲ್ಸು, ಅವರು ಒಳಗೆ ಹೋಗುವಾಗ ಕಾಣ್ಬೇಕು" ಎಂದರು. ಅವರು ನನಗೆ ಹೇಳಿದ ಕೊನೆಯ ಮಾತು ಅದು. ಮುಂದಿನ ವಾಯಿದೆಗೆ ಕಾರಿನಲ್ಲೇ ಹೋದೆ. ವಾಪಸ್ಸು ಬರುತ್ತ ಬೇಲೂರಿನಲ್ಲಿ ಊಟಕ್ಕೆ ನಿಂತಿದ್ದಾಗ ಅವರ ಯಜಮಾನರ ಫೋನ್ ಬಂತು. ನಾನು ಊರು ಮುಟ್ಟುವಷ್ಟರಲ್ಲಿ ಬಂಕಿನವರು, ಲಾರಿಯವರು, ಅವರಿಂದ ಫೇಲಾದ ಅರ್ಧ ತಾಲ್ಲೂಕು ಅಕ್ಕನ ಮನೆಯಂಗಳದಲ್ಲಿ ಸೇರಿತ್ತು. ವಾಸಣ್ಣ ಮೆಟ್ಟಿಲಿನ ಮೇಲೆ ಕೂತು ಅಳುತ್ತಿದ್ದರು.

ಆರು ತಿಂಗಳಿಗೆ ತೀರ್ಪು ಬಂತು. ಅಪೀಲು ವಜಾ. ಕಂಪನಿ ಇನ್ನೂ ಮೇಲೆ ಹೋಗಬಹುದಿತ್ತು. ಒಂದು ಕಾರಿಗಾಗಿ ಅಷ್ಟು ಯಾಕೆ ಅನ್ನಿಸಿತೋ ಏನೋ, ಹೋಗಲಿಲ್ಲ. ಜಾಹೀರಾತು ಹಾಕಿದರು. ಟೆಂಡರ್ ನೋಟಿಸುಗಳ ಪಕ್ಕ, ಹೆಸರು ಬದಲಾವಣೆಯ ಪ್ರಕಟಣೆಗಳ ಮೇಲೆ, ನನ್ನ ಅಂಗೈಯಷ್ಟು ದೊಡ್ಡದು. ಅಕ್ಷರ ಇರುವೆಯಂತೆ. ಯಾರಿಗೂ ಕಾಣದ ಹಾಗೆ ಹಾಕುವುದರಲ್ಲೂ ಜಾಣತನ ತೋರಿಸಿದ್ದರು.

ನಾನು ಅಂಗಡಿಯಲ್ಲಿ ಅದನ್ನು ದೊಡ್ಡದು ಮಾಡಿ ಜೆರಾಕ್ಸ್ ತೆಗೆದೆ. ಮತ್ತೆ ದೊಡ್ಡದು ಮಾಡಿದೆ. ಒಂದೊಂದು ಸಾಲೂ ಒಂದೊಂದು ಹಾಳೆಗೆ ಬರುವವರೆಗೆ ಮಾಡಿ, ಎಲ್ಲ ಸೇರಿಸಿ ಅಂಟಿಸಿ, ಬಾಗಿಲಿನಷ್ಟು ಅಗಲದ ಕಾಗದ ಮಾಡಿದೆ. ಕಳಸದಿಂದ ವಾಸಣ್ಣ ತಮ್ಮ ಜೀಪಿನಲ್ಲಿ ಬಂದರು. ಬೆಳಿಗ್ಗೆ ಮಂಗಳೂರಿನ ಶೋರೂಮು ತೆರೆಯುವ ಮೊದಲೇ ಮುಟ್ಟಿ, ಮೈದಾ ಅಂಟು ಹಚ್ಚಿ, ಅದರ ಗಾಜಿನ ಬಾಗಿಲಿಗೆ ಮೆತ್ತಿದೆವು. ಓಡಿಹೋಗಲಿಲ್ಲ, ಮೆಟ್ಟಿಲ ಮೇಲೆ ನಿಂತೆವು.

ಸಿಬ್ಬಂದಿ ಬಂದರು. ಹೊಸ ಕಾರು ನೋಡಲು ಗಂಡ ಹೆಂಡತಿ ಜೋಡಿಯೊಂದೂ ಬಂತು. ಸೇಲ್ಸಿನವರೊಬ್ಬರು, ನನ್ನದೇ ವಯಸ್ಸಿನವರು, ಕಾಗದ ಕೀಳಲು ಕೈ ಹಾಕಿದರು.

"ಕೋರ್ಟ್ ಆರ್ಡರಿನಂತೆ ನಿಮ್ಮದೇ ಕಂಪನಿ ಹಾಕಿದ್ದು" ಎಂದೆ. "ಮೊದಲು ಓದಿ. ಆಮೇಲೆ ಕೀಳಿ."

ಅವರು ನನ್ನನ್ನು ನೋಡಿದರು, ವಾಸಣ್ಣನನ್ನು ನೋಡಿದರು. ಆ ಗಂಡ ಹೆಂಡತಿಯೂ ಕಾಯುತ್ತಿದ್ದರು. ಸೇಲ್ಸಿನವರು ಗಂಟಲೊಳಗೇ ಓದತೊಡಗಿದರು, ನಮ್ಮ ಗ್ರಾಹಕರಿಗೆ ತಪ್ಪು ಮಾಹಿತಿ ನೀಡಿ ವಾಹನ ಮಾರಾಟ ಮಾಡಿದ್ದೇವೆ ಎಂದು.

"ಕೇಳ್ತಿಲ್ಲ" ಎಂದರು ವಾಸಣ್ಣ. "ಜೋರಾಗಿ."

ಅವರು ಮತ್ತೆ ಮೊದಲಿನಿಂದ ಓದಿದರು.